ಚಾರ್ಟಿನಲ್ಲಿ ಬರೆಯದ ಮಾತ್ರೆ



ತಲೆನೋವು ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಬಳಸುತ್ತೇವೆ ನೋಡಿ. ಪಕ್ಕದ ಮನೆಯ ತುಂಟ ಹುಡುಗ ತಲೆನೋವು, ಹೊತ್ತಿಗೆ ಬಾರದ ಬಸ್ಸು ತಲೆನೋವು, ಬಿಡಿಸಲಾಗದ ಲೆಕ್ಕ ತಲೆನೋವು. ಹೀಗೆ ಸವೆದುಹೋದ ಮಾತಾದ್ದರಿಂದ, ನಿಜವಾಗಿಯೂ ತಲೆ ಸಿಡಿಯುತ್ತಿರುವವರು ಅದನ್ನು ಹೇಳಿದಾಗ ಕೇಳುವವರ ಮನಸ್ಸಿಗೆ ತಾಕುವುದೇ ಇಲ್ಲ. ಜ್ವರಕ್ಕೆ ಥರ್ಮಾಮೀಟರ್ ಸಾಕ್ಷಿ ಹೇಳುತ್ತದೆ, ಮುರಿದ ಕೈಗೆ ಎಕ್ಸ್‌ರೇ ಸಾಕ್ಷಿ ಹೇಳುತ್ತದೆ. ತಲೆನೋವಿಗೆ ಸಾಕ್ಷಿಯಿಲ್ಲ. ನೋಯುವವರ ಮಾತೇ ಅದಕ್ಕೆ ಆಧಾರ.

ಇಂದು ನಾನು ಮಾತನಾಡಬೇಕೆಂದಿರುವುದು ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಓದುತ್ತಿರುವ ವಿದ್ಯಾರ್ಥಿಗಳ ತಲೆನೋವಿನ ಬಗ್ಗೆ. ನಾಳೆ ಊರಿನವರ ನೋವನ್ನೆಲ್ಲ ನೋಡಿಕೊಳ್ಳಬೇಕಾದವರು ಅವರು. ನಿಮ್ಮಲ್ಲಿ ಹಲವರು ಆ ಕೋರ್ಸುಗಳಿಗೆ ಸೇರುವವರೂ ಇರಬಹುದು. ನಾನು ವೈದ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಿ.ಎಸ್ಸಿ. ಓದಿ ಟೆಲಿವಿಷನ್ ಕಾರ್ಯಕ್ರಮ ನಿರ್ಮಾಣಕ್ಕೆ ಬಂದವನು. ಈ ವಿಷಯ ನನ್ನನ್ನು ಹಿಡಿದುಕೊಂಡದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

2011ರ ಮಾತು. ಪಾರ್ಶ್ವವಾಯುವಿನ ಬಗ್ಗೆ ಒಂದು ಕಾರ್ಯಕ್ರಮ ಮಾಡಲು ನರ್ಸಿಂಗ್ ಕಾಲೇಜೊಂದಕ್ಕೆ ಹೋಗಿದ್ದೆವು. ಮಾತನಾಡಲು ನರರೋಗ ತಜ್ಞರೊಬ್ಬರು ಬಂದಿದ್ದರು. ಎದುರಿಗೆ ಮೂರನೆಯ ವರ್ಷದ ವಿದ್ಯಾರ್ಥಿನಿಯರನ್ನು ಕೂರಿಸಿ, ಒಂದೊಂದು ಕಿಲೋವ್ಯಾಟಿನ ಎರಡು ಹ್ಯಾಲೊಜನ್ ದೀಪಗಳನ್ನು ಹಚ್ಚಿದೆವು. ಎರಡನೇ ಸಾಲಿನ ಹುಡುಗಿಯೊಬ್ಬಳು ಮತ್ತೆ ಮತ್ತೆ ಕಣ್ಣು ಮುಚ್ಚಿಕೊಂಡು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಕ್ಯಾಮೆರಾ ಎಂದರೆ ಸಂಕೋಚ ಇರಬೇಕು ಎಂದುಕೊಂಡೆ. "ಕಣ್ಣು ಬಿಡಮ್ಮ" ಎಂದೆ. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಸ್ವಲ್ಪ ಗದರಿಸಿಯೇ ಹೇಳಿದೆ. ಆಕೆ ಕಣ್ಣು ಬಿಟ್ಟಳು, ನೀರು ಇಳಿಯುತ್ತಿತ್ತು. ಮರುಕ್ಷಣವೇ ಎದ್ದು ಹೊರಗೋಡಿ ವಾಂತಿ ಮಾಡಿಕೊಂಡಳು.

ದೀಪ ಆರಿಸಿ ಎಂದವರು ಆ ವೈದ್ಯರು. ಅರ್ಧ ಗಂಟೆಯ ಮೇಲೆ ಮೊಗಸಾಲೆಯಲ್ಲಿ ಅವಳನ್ನು ಕೂರಿಸಿಕೊಂಡು ವಿಚಾರಿಸಿದರು. ತಿಂಗಳಿಗೆ ಹಲವು ಸಲ ಹೀಗಾಗುತ್ತದಂತೆ. ಏಪ್ರನ್ ಜೇಬಿನಿಂದ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು ತೋರಿಸಿದಳು. "ಈ ತಿಂಗಳು ಎಷ್ಟು ನುಂಗಿದ್ದೀಯ?" ಎಂದು ಕೇಳಿದರು. ಗೊತ್ತಿಲ್ಲ ಎಂದಳು. "ನಿನ್ನೆ ನಿನ್ನ ವಾರ್ಡಿನಲ್ಲಿ ಮೊದಲ ಹಾಸಿಗೆಯ ರೋಗಿಗೆ ಏನು ಕೊಟ್ಟೆ?" ಎಂದರು. ಥಟ್ಟನೆ ಹೇಳಿದಳು: ಯಾವ ಔಷಧಿ, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಚಾರ್ಟಿನಲ್ಲಿ ಸಹಿ ಹಾಕಿದ್ದು ಯಾರು ಎಂಬುದನ್ನೂ. ವೈದ್ಯರು ಮುಂದೇನೂ ಹೇಳಲಿಲ್ಲ. ಒಂದು ಹಾಳೆಯ ಮೇಲೆ ತಿಂಗಳ ಮೂವತ್ತು ಮನೆಗಳನ್ನು ಗೆರೆ ಹಾಕಿ ಅವಳ ಕೈಗೆ ಕೊಟ್ಟರು. ಆ ಹಾಳೆಯ ಕಥೆಗೆ ಆಮೇಲೆ ಬರುತ್ತೇನೆ.

ನಮ್ಮ ಮನೆಗಳಲ್ಲಿ ಇಂಥ ತಲೆನೋವಿಗೆ ಪಿತ್ತ ಎಂಬ ಹೆಸರಿದೆ. ಪಿತ್ತ ನೆತ್ತಿಗೇರಿದೆ, ವಾಂತಿಯಾದರೆ ಇಳಿಯುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಾರೆ. ಅವರ ಕಾರಣ ಸರಿಯಿಲ್ಲದಿರಬಹುದು, ಆದರೆ ಅವರ ಗಮನ ಸೂಕ್ಷ್ಮವಾದದ್ದೇ. ವಾಂತಿಯಾದ ಮೇಲೆ ಎಷ್ಟೋ ಜನರಿಗೆ ನೋವು ಇಳಿಯುವುದು ಹೌದು. ಅರೆತಲೆನೋವು ಎಂಬ ಇನ್ನೊಂದು ಹೆಸರೂ ಉಂಟು. ಆಯುರ್ವೇದ ಇದನ್ನು ಅರ್ಧಾವಭೇದಕ ಎಂದಿತು. ಗ್ರೀಕರು ಅರ್ಧ ತಲೆಬುರುಡೆ ಎಂಬ ಅರ್ಥದಲ್ಲಿ ಹೆಮಿಕ್ರೇನಿಯಾ ಎಂದರು, ಅದೇ ಸವೆದು ಮೈಗ್ರೇನ್ ಆಯಿತು. ಒಬ್ಬರನ್ನೊಬ್ಬರು ಕೇಳದೆ ಇಷ್ಟು ಜನ ಒಂದೇ ಹೆಸರಿಟ್ಟರೆಂದರೆ ಆ ನೋವಿನ ಚಹರೆ ಎಷ್ಟು ಸ್ಪಷ್ಟವಾದದ್ದು ಎಂದು ತಿಳಿಯುತ್ತದೆ. ಆದರೂ ಹೆಸರನ್ನು ಪೂರ್ತಿ ನಂಬಬೇಡಿ. ಮೈಗ್ರೇನ್ ಇಡೀ ತಲೆಯನ್ನೂ ಹಿಡಿಯಬಹುದು.

ಅಂತರರಾಷ್ಟ್ರೀಯ ತಲೆನೋವು ಸಂಘ 2018ರಲ್ಲಿ ಪ್ರಕಟಿಸಿದ ವರ್ಗೀಕರಣದ ಪ್ರಕಾರ, ಚಿಕಿತ್ಸೆ ಮಾಡದಿದ್ದರೆ ಮೈಗ್ರೇನ್ 4 ಗಂಟೆಯಿಂದ 72 ಗಂಟೆಯವರೆಗೆ ಇರುತ್ತದೆ. ಸಾಮಾನ್ಯವಾಗಿ ಒಂದು ಪಕ್ಕದಲ್ಲಿ, ನಾಡಿ ಬಡಿದಂತೆ ಮಿಡಿಯುವ ನೋವು. ಮೆಟ್ಟಿಲು ಹತ್ತಿದರೆ, ಬಾಗಿದರೆ ಹೆಚ್ಚಾಗುತ್ತದೆ. ಜೊತೆಗೆ ಹೊಟ್ಟೆ ತೊಳಸುತ್ತದೆ, ಇಲ್ಲವೇ ಬೆಳಕು, ಸದ್ದು ಎರಡೂ ಸಹಿಸಲಾಗುವುದಿಲ್ಲ. ಇಂಥ ಐದು ಸಲವಾದರೂ ಬಂದಿದ್ದರೆ ವೈದ್ಯರು ಮೈಗ್ರೇನ್ ಎನ್ನುತ್ತಾರೆ. ಇನ್ನು ಒತ್ತಡದ ತಲೆನೋವು ಬೇರೆ. ಅದು ಹಣೆಗೆ ಪಟ್ಟಿ ಬಿಗಿದಂತೆ ಎರಡೂ ಕಡೆ ಅದುಮುತ್ತದೆ. ಸಂಕಟವಾದರೂ ಎದ್ದು ಓಡಾಡಬಹುದು. ಒತ್ತಡದ ತಲೆನೋವಿನವನು ಓದುತ್ತಾ ಕೂರುತ್ತಾನೆ, ಮೈಗ್ರೇನಿನವನು ಪುಸ್ತಕ ಮುಚ್ಚಿ ಕತ್ತಲೆ ಕೋಣೆ ಹುಡುಕುತ್ತಾನೆ. ಇದು ಒರಟು ಗುರುತು, ಆದರೆ ಉಪಯೋಗಕ್ಕೆ ಬರುತ್ತದೆ.

ಇದು ಎಷ್ಟು ಜನರಿಗಿದೆ? 2009-10ರಲ್ಲಿ ಬೆಂಗಳೂರು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಮನೆಮನೆಗೆ ಹೋಗಿ, 18ರಿಂದ 65 ವರ್ಷದ 2,329 ಜನರನ್ನು ವಿಚಾರಿಸಿದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿದ್ದವರು ನೂರಕ್ಕೆ ಸುಮಾರು 64. ಮೈಗ್ರೇನ್ ಇದ್ದವರು ನೂರಕ್ಕೆ ಸುಮಾರು 25. ಅಂದರೆ ನಾಲ್ವರಲ್ಲಿ ಒಬ್ಬರು! ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಮೈಗ್ರೇನ್ ನಗರಕ್ಕಿಂತ ಹಳ್ಳಿಯಲ್ಲೇ ಹೆಚ್ಚಾಗಿತ್ತು. ಕಂಪ್ಯೂಟರ್ ಮುಂದೆ ಕೂರುವ ಪಟ್ಟಣದವರ ಕಾಯಿಲೆ ಇದು ಎಂಬ ನಮ್ಮ ಎಣಿಕೆ ಅಲ್ಲಿಗೆ ತಲೆಕೆಳಗಾಯಿತು.

ಈಗ ಸ್ವಲ್ಪ ವಿಜ್ಞಾನಕ್ಕೆ ಹೋಗೋಣ. ನೋವನ್ನೆಲ್ಲ ಅರಿಯುವ ಮಿದುಳಿಗೆ ಸ್ವತಃ ನೋವಿಲ್ಲ. ರೋಗಿ ಎಚ್ಚರವಾಗಿರುವಾಗಲೇ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಲು ಸಾಧ್ಯವಾಗುವುದು ಇದರಿಂದಲೇ. ನೋಯುವುದು ಮಿದುಳನ್ನು ಸುತ್ತಿದ ಪೊರೆ ಮತ್ತು ಅದರ ರಕ್ತನಾಳಗಳು. ಅಲ್ಲಿಂದ ಸುದ್ದಿ ಒಯ್ಯುವುದು ಮುಖಕ್ಕೂ ಹಣೆಗೂ ಕವಲೊಡೆಯುವ ಟ್ರೈಜೆಮಿನಲ್ ಎಂಬ ನರ.

1930, 40ರ ದಶಕಗಳಲ್ಲಿ ಅಮೆರಿಕದ ಹೆರಾಲ್ಡ್ ವುಲ್ಫ್ ಎಂಬ ವೈದ್ಯರು, ರಕ್ತನಾಳಗಳು ಮೊದಲು ಕುಗ್ಗಿ ಆಮೇಲೆ ಹಿಗ್ಗುವುದೇ ಮೈಗ್ರೇನಿಗೆ ಕಾರಣ ಎಂದರು. ಅವರಿಗೂ ಮೈಗ್ರೇನ್ ಇತ್ತು. ಬಹಳ ಕಾಲ ಪಠ್ಯಪುಸ್ತಕಗಳಲ್ಲಿ ಅದೇ ಪಾಠ ಉಳಿಯಿತು. ಆದರೆ ಅದೇ ಕಾಲದಲ್ಲಿ ಇನ್ನೊಬ್ಬ ರೋಗಿ ಬೇರೆಯೇ ದಾರಿ ತೋರಿಸಿದ್ದರು. ಮೈಗ್ರೇನ್ ಇರುವ ಕೆಲವರಿಗೆ ನೋವು ಶುರುವಾಗುವ ಮುನ್ನ ಕಣ್ಣ ಮುಂದೆ ಕೋಟೆಗೋಡೆಯ ತೆನೆಯಂತೆ ಅಂಕುಡೊಂಕಾದ ಹೊಳೆಯುವ ಗೆರೆ ಕಾಣಿಸುತ್ತದೆ. ಅದು ಮೆಲ್ಲಗೆ ಹರಡುತ್ತದೆ, ಅದರ ಹಿಂದೆ ಒಂದು ಕುರುಡು ಮಚ್ಚೆ ಉಳಿಯುತ್ತದೆ. ಇದಕ್ಕೆ ಆರಾ ಎನ್ನುತ್ತಾರೆ. ಕಾರ್ಲ್ ಲ್ಯಾಶ್ಲಿ ಎಂಬ ಮನೋವಿಜ್ಞಾನಿಗೆ ಹೀಗಾಗುತ್ತಿತ್ತು. ನಮ್ಮ ನಿಮ್ಮಂಥವರಾಗಿದ್ದರೆ ತಲೆ ಹಿಡಿದು ಮಲಗುತ್ತಿದ್ದೆವು. ಅವರು ಆ ಗೆರೆ ಎಷ್ಟು ಹೊತ್ತಿಗೆ ಎಲ್ಲಿಗೆ ಬಂತೆಂದು ಚಿತ್ರ ಬರೆದಿಟ್ಟುಕೊಂಡರು! ಕಣ್ಣಿಗೆ ಕಂಡ ಚಲನೆಯನ್ನು ಮಿದುಳಿನ ದೃಷ್ಟಿಭಾಗದ ಅಳತೆಗೆ ಇಳಿಸಿ, ಮಿದುಳಿನಲ್ಲಿ ಯಾವುದೋ ಕ್ಷೋಭೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿಯುತ್ತಿರಬೇಕು ಎಂದು 1941ರಲ್ಲಿ ಬರೆದರು. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡೆಸ್ ಲಿಯಾವೋ ಮೊಲದ ಮಿದುಳಿನ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ನರಕೋಶಗಳನ್ನು ಮಂಕಾಗಿಸುತ್ತಾ ಹೆಚ್ಚುಕಡಿಮೆ ಅದೇ ವೇಗದಲ್ಲಿ ಸಾಗುವ ಅಲೆಯೊಂದು ಸಿಕ್ಕಿತು. ಮನುಷ್ಯರ ಮಿದುಳಿನಲ್ಲಿ ಆರಾ ನಡೆಯುತ್ತಿರುವಾಗಲೇ ಅಂಥ ಅಲೆಯ ಚಿತ್ರ ಹಿಡಿದದ್ದು 2001ರಲ್ಲಿ.

ಆಮೇಲಿನ ದೊಡ್ಡ ಹೆಜ್ಜೆ ಟ್ರೈಜೆಮಿನಲ್ ನರದ ತುದಿಗಳಿಂದ ಸುರಿಯುವ ಸಿ.ಜಿ.ಆರ್.ಪಿ. ಎಂಬ ಪದಾರ್ಥದ್ದು. ಮೈಗ್ರೇನ್ ಬಂದಾಗ ಇದು ರಕ್ತದಲ್ಲಿ ಏರುತ್ತದೆ ಎಂದು ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ 1990ರಲ್ಲಿ ತೋರಿಸಿದರು. ಇದನ್ನು ತಡೆಯುವ ಮೊದಲ ಪ್ರತಿಕಾಯ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2021ರ ಬ್ರೇನ್ ಪ್ರೈಜ್ ಈ ಇಬ್ಬರಿಗೆ, ಇನ್ನಿಬ್ಬರು ಮೈಗ್ರೇನ್ ವಿಜ್ಞಾನಿಗಳ ಜೊತೆ ಹಂಚಿಕೆಯಾಯಿತು. ಹುಡುಗಿಯರ ನಾಟಕ ಎಂದು ತಳ್ಳಿಹಾಕುತ್ತಿದ್ದ ನೋವಿಗೆ ಕೊನೆಗೂ ಪ್ರಯೋಗಶಾಲೆಯ ಸಾಕ್ಷಿ ಸಿಕ್ಕಂತಾಯಿತು.

ಸರಿ, ಆರೋಗ್ಯ ಕ್ಷೇತ್ರದ ವಿದ್ಯಾರ್ಥಿಗಳ ಕಥೆಯೇನು? ಓದು ಮೈಗ್ರೇನನ್ನು ಹುಟ್ಟಿಸುವುದಿಲ್ಲ. ಅದರ ಒಲವು ಬಹುಮಟ್ಟಿಗೆ ವಂಶದಿಂದ ಬರುತ್ತದೆ. ತಾಯಿಗೋ ಸೋದರತ್ತೆಗೋ ಇದ್ದದ್ದು ವಿಚಾರಿಸಿದರೆ ತಿಳಿಯುತ್ತದೆ. ಮೊದಲು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಪ್ರಾಯಕ್ಕೆ ಬರುವ ದಿನಗಳಲ್ಲಿ. ಆದರೆ ಮೈಗ್ರೇನಿನ ಮಿದುಳಿಗೆ ಬದಲಾವಣೆ ಎಂದರೆ ಆಗದು. ನಿದ್ದೆ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಊಟ ತಪ್ಪಿದರೆ, ನೀರು ಕುಡಿಯದಿದ್ದರೆ, ಮುಟ್ಟಿನ ದಿನಗಳು ಹತ್ತಿರ ಬಂದರೆ, ಕಟು ವಾಸನೆ ಮೂಗಿಗೆ ಬಡಿದರೆ ನೋವು ಕೆರಳುತ್ತದೆ. ಈಗ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಯ ದಿನವನ್ನು ನೆನೆಸಿಕೊಳ್ಳಿ. ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ಹಾಸ್ಟೆಲಿನ ತಿಂಡಿ ಇನ್ನೂ ಸಿದ್ಧವಾಗಿರುವುದಿಲ್ಲ. ವಾರ್ಡಿನಲ್ಲಿ ನಾಲ್ಕೈದು ಗಂಟೆ ನಿಂತೇ ಇರಬೇಕು. ಮೇಲಿಂದ ಮೇಲೆ ಶೌಚಾಲಯಕ್ಕೆ ಹೋಗಲಾಗದೆಂದು ನೀರು ಕುಡಿಯುವುದಿಲ್ಲ. ಮಧ್ಯಾಹ್ನ ತರಗತಿ, ಮುಂದಿನ ವಾರ ರಾತ್ರಿ ಪಾಳಿ. ವೈದ್ಯಕೀಯದ ಮೊದಲ ವರ್ಷದವನಿಗೆ ಅಂಗರಚನೆಯ ಹಾಲ್‌ನಲ್ಲಿ ಫಾರ್ಮಾಲಿನ್ ವಾಸನೆ, ಕಣ್ಣು ಮೂಗು ಉರಿಯುತ್ತಿರುತ್ತದೆ. ಮೈಗ್ರೇನನ್ನು ಕೆರಳಿಸಲೆಂದೇ ಯಾರಾದರೂ ವೇಳಾಪಟ್ಟಿ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡಲಾಗುತ್ತಿರಲಿಲ್ಲ. ಇದರಲ್ಲಿ ಒಂದಷ್ಟು ತಪ್ಪಿಸಲಾಗದ್ದು, ಒಪ್ಪುತ್ತೇನೆ. ರಾತ್ರಿಯೂ ರೋಗಿಗಳಿರುತ್ತಾರೆ. ಆದರೆ ತಿಂಡಿಯ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ತರಲು ಯಾವ ಸಂಶೋಧನೆಯೂ ಬೇಕಿಲ್ಲ.

ಪರೀಕ್ಷೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಪರೀಕ್ಷೆ ನಡೆಯುವಾಗ ಹೇಗೋ ತಡೆದುಕೊಂಡಿದ್ದು, ಕೊನೆಯ ಪತ್ರಿಕೆ ಬರೆದು ಊರಿಗೆ ಬಸ್ಸು ಹತ್ತಿದ ಮೇಲೆ ತಲೆ ಸಿಡಿಯುವುದು ಹಲವರ ಅನುಭವ. ಒತ್ತಡ ಏರಿದಾಗ ಮಾತ್ರವಲ್ಲ, ಇದ್ದಕ್ಕಿದ್ದಂತೆ ಇಳಿದಾಗಲೂ ಮೈಗ್ರೇನ್ ಬರುತ್ತದೆ. ಇನ್ನೊಂದು ಮೋಸವಿದೆ. ಚಾಕಲೇಟು ತಿಂದೆ, ಅದಕ್ಕೇ ತಲೆನೋವು ಬಂತು ಎನ್ನುವವರಿದ್ದಾರೆ. ನೋವು ಬರುವ ಮೊದಲೇ, ಕೆಲವರಿಗೆ ಒಂದು ದಿನ ಮುಂಚೆಯೇ, ಆಕಳಿಕೆ, ಕುತ್ತಿಗೆ ಬಿಗಿತ, ಸಿಹಿಯ ಆಸೆ ಶುರುವಾಗುತ್ತವೆ. ಅಂದರೆ ಚಾಕಲೇಟು ತಿನ್ನಬೇಕೆನಿಸಿದ್ದೇ ಮೈಗ್ರೇನಿನ ಮೊದಲ ಲಕ್ಷಣವಾಗಿರಬಹುದು. ಯಾವುದು ಕಾರಣ, ಯಾವುದು ಲಕ್ಷಣ ಎಂಬುದು ನೆನಪಿನಿಂದ ತಿಳಿಯುವುದಿಲ್ಲ. ಬರೆದಿಟ್ಟರೆ ಮಾತ್ರ ತಿಳಿಯುತ್ತದೆ.

ಈಗ ಮಾತ್ರೆಯ ವಿಷಯ. ಬೇರೆ ಕಾಲೇಜಿನ ಹುಡುಗನಿಗೆ ಮಾತ್ರೆ ಬೇಕಾದರೆ ಅಂಗಡಿಗೆ ಹೋಗಬೇಕು. ಆರೋಗ್ಯ ಕ್ಷೇತ್ರದ ವಿದ್ಯಾರ್ಥಿಗೆ ಅದು ಕೈಗೆಟುಕುವ ದೂರದಲ್ಲೇ ಇದೆ. ಗೆಳತಿಯ ಜೇಬಿನಲ್ಲಿದೆ, ಔಷಧಿ ಕಂಪೆನಿಯವರು ಬಿಟ್ಟುಹೋದ ಮಾದರಿಯ ಡಬ್ಬಿಯಲ್ಲಿದೆ. ಹೆಸರು ಗೊತ್ತು, ಪ್ರಮಾಣ ಗೊತ್ತು. ಯಾರನ್ನಾದರೂ ಕೇಳಲು ಹೋದರೆ, ಇಷ್ಟೂ ತಿಳಿಯದೆ ಇಲ್ಲಿಗೆ ಬಂದೆಯಾ ಎಂದಾರು ಎಂಬ ಸಂಕೋಚ. ಹೀಗೆ ವೈದ್ಯರಿಂದ ತುಂಬಿದ ಕಟ್ಟಡದಲ್ಲಿದ್ದುಕೊಂಡು ವೈದ್ಯರಿಗೆ ತೋರಿಸದ ತಲೆನೋವು ಬೆಳೆಯುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಮಾತ್ರೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನೋವು ಶುರುವಾದ ಕೂಡಲೇ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹಲ್ಲು ಕಚ್ಚಿಕೊಂಡು ಸಹಿಸಿ, ವಾಂತಿ ಶುರುವಾದ ಮೇಲೆ ನುಂಗುವುದು ಶೌರ್ಯವೇನಲ್ಲ. ತೊಂದರೆ ಇರುವುದು ದಿನಗಳ ಲೆಕ್ಕದಲ್ಲಿ. ಮೊದಲೇ ತಲೆನೋವಿನ ಸ್ವಭಾವವಿರುವವರು ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ, ಆ ಔಷಧಿಯೇ ತಲೆನೋವನ್ನು ನೆಲೆಗೊಳಿಸಬಲ್ಲದು. ಕೆಫೀನ್ ಮುಂತಾದವು ಸೇರಿದ ಮಿಶ್ರ ಮಾತ್ರೆಗಳಿಗೂ, ಟ್ರಿಪ್ಟಾನ್ ಎಂಬ ಮೈಗ್ರೇನ್ ಔಷಧಿಗೂ ಮಿತಿ ಇನ್ನೂ ಕಡಿಮೆ, ತಿಂಗಳಿಗೆ 10 ದಿನ. ಬೆಳಿಗ್ಗೆ ಎದ್ದಾಗಲೇ ತಲೆ ಭಾರ. ಮಾತ್ರೆ ನುಂಗಿದರೆ ಇಳಿಯುತ್ತದೆ, ಅದರ ಪ್ರಭಾವ ಮುಗಿದಂತೆ ಮತ್ತೆ ಏರುತ್ತದೆ, ಇನ್ನೊಂದು ಮಾತ್ರೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಎಷ್ಟೋ ವೈದ್ಯರು ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಡ ಎನ್ನುವುದು ಈ ಬಲೆಗೆ ಬೀಳದಿರಲೆಂದೇ.

ಅದಕ್ಕಿಂತ ಹೆಚ್ಚು ದಿನ ನೋವಿದ್ದರೆ? ಆಗ ನೋವನ್ನು ಇಳಿಸುವ ಔಷಧಿಯಲ್ಲ, ಬಾರದಂತೆ ತಡೆಯುವ ಔಷಧಿ ಬೇಕು. ಹಾಗೊಂದು ಬಗೆಯಿದೆ ಎಂಬುದೇ ಹಲವರಿಗೆ ತಿಳಿದಿಲ್ಲ. ಪ್ರೊಪ್ರನಲಾಲ್ ಅವುಗಳಲ್ಲೊಂದು. ಅದು ಹೃದಯದ ಔಷಧಿ. ಎದೆನೋವಿಗೆ ಕೊಟ್ಟಾಗ ಮೈಗ್ರೇನೂ ಇಳಿಯಿತೆಂಬುದು 1966ರಲ್ಲಿ ಅಕಸ್ಮಾತ್ತಾಗಿ ಗಮನಕ್ಕೆ ಬಂತು. ಪುಸ್ತಕದಲ್ಲಿ ಇದನ್ನು ಓದಿದ ಕೂಡಲೇ ತಾವೇ ನುಂಗುವ ಜಾಣರೂ ಇರಬಹುದು. ಅದೇ ಮಾತ್ರೆ ಆಸ್ತಮಾ ಇರುವವರ ಉಸಿರು ಕಟ್ಟಿಸಬಲ್ಲದು ಎಂಬುದು ಅದೇ ಪುಸ್ತಕದ ಮುಂದಿನ ಪುಟದಲ್ಲಿರುತ್ತದೆ.

ಮೈಗ್ರೇನ್ ಎಂದು ಕೈಕಟ್ಟಿ ಕೂರಬಾರದ ತಲೆನೋವುಗಳೂ ಇವೆ. ಸಿಡಿಲು ಹೊಡೆದಂತೆ ಒಂದೇ ನಿಮಿಷದೊಳಗೆ ತುತ್ತತುದಿಗೆ ಏರುವ ನೋವು ಮಿದುಳಿನ ಪೊರೆಯ ಕೆಳಗಿನ ರಕ್ತಸ್ರಾವವಿರಬಹುದು. ಜ್ವರದ ಜೊತೆ ಕುತ್ತಿಗೆ ಸೆಟೆದುಕೊಂಡರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಪ್ರಜ್ಞೆ ಮಂಕಾದರೆ, ತಲೆಗೆ ಪೆಟ್ಟಾದ ಮೇಲೆ ನೋವು ಬಂದರೆ, ದಿನದಿಂದ ದಿನಕ್ಕೆ ಏರುತ್ತಲೇ ಹೋದರೆ, ಮಾತ್ರೆ ಹುಡುಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮತ್ತೆ ಆ ಹುಡುಗಿಯ ವಿಷಯಕ್ಕೆ ಬರೋಣ. ಪಾರ್ಶ್ವವಾಯುವಿನ ಕಾರ್ಯಕ್ರಮ ಪ್ರಸಾರವಾಗಿ ನಾಲ್ಕೈದು ತಿಂಗಳ ಮೇಲೆ ನನ್ನ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಅವಳ ಪತ್ರ, ಜೊತೆಗೆ ವೈದ್ಯರು ಗೆರೆ ಹಾಕಿ ಕೊಟ್ಟ ಆ ಹಾಳೆಯ ನಕಲು. ಮೊದಲ ತಿಂಗಳಲ್ಲಿ ತಲೆನೋವಿನ ದಿನ 19, ಮಾತ್ರೆ ನುಂಗಿದ ದಿನ 17. ಅದು ಕೆಫೀನ್ ಸೇರಿದ ಮಾತ್ರೆ. ಎಣಿಸಿದಾಗ ತನಗೇ ನಂಬಿಕೆಯಾಗಲಿಲ್ಲ ಎಂದು ಬರೆದಿದ್ದಳು. ವೈದ್ಯರು ಆ ಮಾತ್ರೆ ನಿಲ್ಲಿಸಿ, ತಡೆಯುವ ಔಷಧಿ ಶುರುಮಾಡಿದರಂತೆ. ನಿಲ್ಲಿಸಿದ ಮೊದಲ ಹತ್ತು ದಿನ ನೋವು ಇನ್ನಷ್ಟು ಹೆಚ್ಚಾಯಿತಂತೆ; ಹಾಗಾಗುತ್ತದೆಂದು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ ಎಂದಿದ್ದಳು. ಮೂರನೆಯ ತಿಂಗಳಲ್ಲಿ ತಲೆನೋವಿನ ದಿನ 6ಕ್ಕೆ ಇಳಿದಿತ್ತು. ತಿಂಡಿ ತಿನ್ನದೆ ವಾರ್ಡಿಗೆ ಹೋದ ದಿನಗಳಿಗೆ ಅವಳು ಕೆಂಪು ಚುಕ್ಕೆ ಇಟ್ಟಿದ್ದಳು. ಆರರಲ್ಲಿ ನಾಲ್ಕು ಚುಕ್ಕೆ ಇದ್ದ ದಿನಗಳೇ. ಆಮೇಲೆ ರಾತ್ರಿಯೇ ಎರಡು ಬಾಳೆಹಣ್ಣು ತಂದಿಟ್ಟುಕೊಳ್ಳಲು ಶುರುಮಾಡಿದಳಂತೆ.

ಆ ಹಾಳೆಯ ಮೊದಲ ಮನೆ ನಮ್ಮ ಚಿತ್ರೀಕರಣದ ದಿನದ್ದು. ರೋಗಿಯ ಚಾರ್ಟಿನಲ್ಲಿ ಬರೆಯುವ ಹಾಗೆಯೇ, ದುಂಡಾದ ಅಕ್ಷರದಲ್ಲಿ ಬರೆದಿದ್ದಳು: "ಬೆಳಿಗ್ಗೆ 11.20. ಎಡಪಕ್ಕ. ವಾಂತಿ 1. ತಿಂಡಿ ಇಲ್ಲ. ಟೀವಿಯವರ ದೀಪ. ಮಾತ್ರೆ 1." ಕೆಳಗೆ ಅವಳ ಸಹಿ ಇತ್ತು.